ಕನ್ನಡದ ಮೂಲಕ ಇಂಗ್ಲಿಷ್ ನುಡಿಗಟ್ಟು
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತನಿಗೆ ಇಂಗ್ಲಿಷಿನ ಗೊಡವೆಯೇಕೆಂದು ತಾವು ಕೇಳಬಹುದು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದಲೂ ಕನ್ನಡ ಶಾಲೆಗಳ ಚಿಂತೆ ನಮ್ಮನ್ನು ಬಿಟ್ಟಿಲ್ಲ. ಈಗ ಮಕ್ಕಳನ್ನು ಶಾಲೆಯಿಂದ ಬಿಡಿಸಿಕೊಳ್ಳಲು ಬರುವ ತಂದೆತಾಯಿಗಳು ಹೇಳುವ ಕಾರಣ ಒಂದೇ: “ಮಾಸ್ತರರೇ, ಇಲ್ಲಿ ಕಲಿತರೆ ಹುಡುಗನಿಗೆ ಇಂಗ್ಲಿಷ್ ಬಾರದಲ್ಲ!” ಇದಕ್ಕೆ ಉತ್ತರ ಹೇಳುವ ಹೊಣೆ ನಮ್ಮ ಮೇಲೂ ಉಂಟು.

ಒಮ್ಮೆ ಇಂಗ್ಲಿಷ್ ಅಧ್ಯಾಪಕರು ರಜೆಯಲ್ಲಿದ್ದಾಗ ಒಂಬತ್ತನೆಯ ತರಗತಿ ನಮ್ಮ ಪಾಲಿಗೆ ಬಂದಿತು. ಹುಡುಗರು ಪದಗಳ ಪಟ್ಟಿಯನ್ನು ಬಾಯಿಪಾಠ ಮಾಡಿದ್ದರು. ‘ರೈಪ್’ ಎಂದರೇನೆಂದು ಕೇಳಿದೆವು. “ಪಕ್ವವಾದ” ಎಂದು ಒಬ್ಬನು ಥಟ್ಟನೆ ಹೇಳಿದನು. ಪಕ್ವವೆಂದರೇನೆಂದು ಕೇಳಿದೆವು, ಹುಡುಗನು ಸುಮ್ಮನಾದನು. ಆ ಮಗುವಿಗೆ ಇಂಗ್ಲಿಷೂ ಬಂದಿರಲಿಲ್ಲ, ಕನ್ನಡವೂ ಬಂದಿರಲಿಲ್ಲ.

ಮರುದಿನ ಆರ್. ಕೆ. ನಾರಾಯಣರ ‘ಸ್ವಾಮಿ ಆ್ಯಂಡ್ ಫ್ರೆಂಡ್ಸ್’ ಕಾದಂಬರಿಯನ್ನು ಕೊಂಡೊಯ್ದೆವು. ಗ್ರಹಾಂ ಗ್ರೀನರ ನೆರವಿನಿಂದ 1935ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಾದುದು. ಆದರೆ ಬರೆದವರ ವಾಸ ಮೈಸೂರಿನಲ್ಲಿ. ಅದರಲ್ಲಿ ತಂದೆ ಮಗನಿಗೊಂದು ಲೆಕ್ಕ ಕೊಡುತ್ತಾರೆ: ರಾಮನ ಹತ್ತು ಮಾವಿನಹಣ್ಣಿಗೆ ಹದಿನೈದಾಣೆ ಬರಬೇಕು, ಕೃಷ್ಣನಿಗೆ ನಾಲ್ಕೇ ಸಾಕು, ಅವನು ಕೊಡಬೇಕಾದುದೆಷ್ಟು? ಸ್ವಾಮಿಗೆ ಲೆಕ್ಕ ಬೇಡ. ಹಣ್ಣು ಕಳಿತಿತ್ತೇ ಎಂಬುದೇ ಅವನ ಸಂಶಯ. ತರಗತಿ ಗೊಳ್ಳೆಂದಿತು. ‘ರೈಪ್’ ಎಲ್ಲರಿಗೂ ತಿಳಿಯಿತು. ಮಿಡಿ, ಕಾಯಿ, ದೋರೆಗಾಯಿ, ಹಣ್ಣು ಎಂದು ಮಕ್ಕಳೇ ಹೇಳತೊಡಗಿದರು. ಹಣ್ಣು ಹಣ್ಣು ಮುದುಕ ಎನ್ನುತ್ತೇವಲ್ಲ, ಇಂಗ್ಲಿಷಿನವರೂ ‘ರೈಪ್ ಓಲ್ಡ್ ಏಜ್’ ಎನ್ನುತ್ತಾರೆಂದು ತಿಳಿಸಿದೆವು. ಆದರೆ ನಮ್ಮ ಮಾತಿನಲ್ಲಿ ಕಾಣುವುದು ಮೈಯ ಸೋಲು, ಅವರದರಲ್ಲಿ ತುಂಬು ಬಾಳು. ಈ ಅಂತರವನ್ನು ಹೇಳದೆ ಬಿಟ್ಟರೆ ಹೋಲಿಕೆಯೇ ಮೋಸ ಮಾಡೀತು. ಆಣೆಯನ್ನಂತೂ ಇಂದಿನ ಮಕ್ಕಳು ಕಂಡವರಲ್ಲ. 1957ರಲ್ಲಿ ದಶಮಾಂಶ ನಾಣ್ಯ ಬಂದು ಅದು ಹಿಂದೆ ಸರಿಯಿತು. ಹದಿನಾರಾಣೆ ನಿಜವೆಂಬ ಮಾತಿನ ಅರ್ಥ ಹಲವರಿಗೆ ಅಂದೇ ತಿಳಿದುದು!

ಅದೇ ಕಾದಂಬರಿಯಲ್ಲಿ, ಹೊಸದಾಗಿ ಬಂದ ರಾಜಂನ ಹಿಂದೆಯೇ ತಿರುಗುವ ಸ್ವಾಮಿಯನ್ನು ಹಳೆಯ ಗೆಳೆಯರು ‘ಟೇಲ್’ ಎಂದು ಹಂಗಿಸುತ್ತಾರೆ. ಪಟ್ಟಿಯಲ್ಲಿ ಅದರ ಅರ್ಥ ‘ಬಾಲ’ ಎಂದಷ್ಟೇ. ಇಂಥವನನ್ನು ನೀವು ಏನೆನ್ನುವಿರಿ ಎಂದೆವು. ಹಿಂದಿನ ಬೆಂಚಿನಿಂದ ಒಬ್ಬನು ಮೆಲ್ಲಗೆ “ಬಾಲಂಗೋಚಿ” ಎಂದನು. ಹಿಂದಿನ ದಿನ ಪಕ್ವವೆಂದು ಹೇಳಿ ಸುಮ್ಮನಾಗಿದ್ದವನೇ ಅವನು. ಆ ಮೇಲೆ ಅವನು ಆ ಇಂಗ್ಲಿಷ್ ಮಾತನ್ನು ತನ್ನ ಗೆಳೆಯನ ಮೇಲೆಯೇ ಪ್ರಯೋಗಿಸಿ, ಜಗಳವನ್ನೂ ತಂದುಕೊಂಡನೆನ್ನಿ.

ಈ ದಾರಿ ನಿಧಾನದ್ದು. ಒಂದು ಅವಧಿಯಲ್ಲಿ ಎರಡು ಪುಟ ದಾಟಲಿಲ್ಲ. ಪರೀಕ್ಷೆಯ ಪಾಠಗಳು ಉಳಿದುವೆಂದು ಆಕ್ಷೇಪವೂ ಬಂದಿತು, ಅದು ಸುಳ್ಳಲ್ಲ. ಆದುದರಿಂದ ವಾರಕ್ಕೊಂದು ಅವಧಿಯನ್ನು ಮಾತ್ರ ಕೇಳಿ ಪಡೆದೆವು. ಕನ್ನಡದಲ್ಲಿ ಜೋಡಿ ಸಿಕ್ಕದ ಮಾತುಗಳೂ ಇವೆ; ಅಲ್ಲಿ ಕಥೆಯ ಸಂದರ್ಭವನ್ನೇ ಮತ್ತೊಮ್ಮೆ ಓದಿಸುತ್ತೇವೆ.

ಪುಸ್ತಕ ನಮ್ಮಲ್ಲಿರುವುದು ಒಂದೇ ಪ್ರತಿ, ಅದರ ಬೆನ್ನೂ ಬಿಚ್ಚಿದೆ. ಗಡಿನಾಡಿನ ಪ್ರತಿಯೊಂದು ಕನ್ನಡ ಪ್ರೌಢಶಾಲೆಗೂ ಹತ್ತು ಹತ್ತು ಪ್ರತಿಗಳನ್ನು ಸಂಘವು ಕೊಡಿಸುವುದಾದರೆ, ಓದಿಸುವ ಶ್ರಮ ನಮ್ಮದು.