ವಾಣಿಜ್ಯ ಓದು: ಲಾಭವೇ ಬೇರೆ, ಹಣವೇ ಬೇರೆ



‘ವಿಜ್ಞಾನ ಸಿಗದವರಿಗೆ ವಾಣಿಜ್ಯ’ ಎಂಬ ಮಾತು ಎಸ್.ಎಸ್.ಎಲ್.ಸಿ. ಮುಗಿದೊಡನೆ ನಿಮ್ಮ ಕಿವಿಗೂ ಬೀಳಬಹುದು. ಅದನ್ನು ನಂಬಿ ವಿಷಯ ಆರಿಸಬೇಡಿ.

ಒಂದು ಲೆಕ್ಕ ನೋಡೋಣ. ಅಂಗಡಿಯೊಂದು 8,000 ರೂಪಾಯಿ ನಗದು ಕೊಟ್ಟು ತಂದ ಸರಕನ್ನು 10,000ಕ್ಕೆ ಮಾರಿತು. ಅದರಲ್ಲಿ 6,000 ಉದ್ದರಿ. ಲಾಭ 2,000. ಆದರೆ ಗಲ್ಲಾಪೆಟ್ಟಿಗೆಗೆ ಬಂದದ್ದು 4,000 ಮಾತ್ರ. ಲಾಭವಿದ್ದೂ ಹೊಸ ಸರಕು ತರಲು ಹಣ ಸಾಲದು! ಈ ವ್ಯತ್ಯಾಸವನ್ನು ಲೆಕ್ಕಶಾಸ್ತ್ರ ತೋರಿಸುತ್ತದೆ. ಉದ್ದರಿ, ದಾಸ್ತಾನು, ಸಾಲಗಳನ್ನು ನಿಭಾಯಿಸುವ ಬಗೆಯನ್ನು ವ್ಯವಹಾರ ಅಧ್ಯಯನ ಕಲಿಸುತ್ತದೆ.

ಪ್ರತಿ ವ್ಯವಹಾರವನ್ನೂ ಡೆಬಿಟ್, ಕ್ರೆಡಿಟ್ ಎಂದು ಎರಡು ಕಡೆ ಬರೆಯುವ ಪದ್ಧತಿಯನ್ನು ಇಟಲಿಯ ಲೂಕಾ ಪಾಚೋಲಿ 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ವಿವರಿಸಿದ್ದಾನೆ. ಇಂದು ಕೂಡುವ ಕೆಲಸವನ್ನು ಕಂಪ್ಯೂಟರ್ ಮಾಡುತ್ತದೆ, ನಿಜ. ಆದರೆ ರಿಪೇರಿ ಖರ್ಚನ್ನು ಯಂತ್ರದ ಖಾತೆಗೆ ಬರೆದರೂ ತಾಳೆಪಟ್ಟಿ ತಾಳೆಯಾಗುತ್ತದೆ. ಲಾಭ ಮಾತ್ರ ಇದ್ದದ್ದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಆ ತಪ್ಪು ಹಿಡಿಯಲು ಬಲ್ಲವರೇ ಬೇಕು.

ಆದ್ದರಿಂದ ನಿಯಮಗಳನ್ನು ಬರೀ ಉರುಹಚ್ಚಬೇಡಿ. ಒಂದು ತಿಂಗಳು ಮನೆಯ ಜಮಾ-ಖರ್ಚು ಬರೆದು ನೋಡಿ. ಆಸಕ್ತಿ ಹುಟ್ಟಿದರೆ, ಯಾರ ಮಾತಿಗೂ ಅಂಜದೆ ಈ ವಿಷಯಗಳನ್ನು ಆರಿಸಿಕೊಳ್ಳಿ.