ಪಿರಮಿಡ್ಡನ್ನು ಕಟ್ಟಿದವರು ಯಾರು?

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಪ್ರಾಚೀನ ಗ್ರೀಕರು ಮಾನವನ ಕೈಯಿಂದಾದ ನಿರ್ಮಾಣಗಳಲ್ಲಿ ಏಳನ್ನು ಲೋಕದ ಅದ್ಭುತಗಳೆಂದು ಎಣಿಸಿದರು. ರೋಡ್ಸ್ ದ್ವೀಪದ ಕಂಚಿನ ಮಹಾವಿಗ್ರಹವು ಭೂಕಂಪದಲ್ಲಿ ಉರುಳಿತು. ಎಫೆಸಸ್ಸಿನ ದೇವಾಲಯವು ಹಾಳಾಯಿತು. ಅಲೆಕ್ಸಾಂಡ್ರಿಯದ ದೀಪಸ್ತಂಭವು ಕುಸಿದು ಸಮುದ್ರದ ಪಾಲಾಯಿತು. ಆ ಏಳರಲ್ಲಿ ಇಂದಿಗೂ ನಿಂತಿರುವುದು ಎಲ್ಲಕ್ಕಿಂತ ಹಳೆಯದಾದ ಒಂದೇ ಒಂದು: ಈಜಿಪ್ಟ್ ದೇಶದ ಗೀಜಾದ ಮಹಾ ಪಿರಮಿಡ್ಡು.

ಸುಮಾರು 4,500 ವರ್ಷಗಳ ಹಿಂದೆ ಖುಫು ಎಂಬ ಅರಸನ ಸಮಾಧಿಯಾಗಿ ಇದು ಎದ್ದಿತು. ಇದರ ಒಂದೊಂದು ಬದಿಯ ಉದ್ದ ಸುಮಾರು 230 ಮೀಟರು. ಆರಂಭದಲ್ಲಿದ್ದ ಎತ್ತರ ಸುಮಾರು 146 ಮೀಟರು. ಇದಕ್ಕೆ 23 ಲಕ್ಷದಷ್ಟು ಕಲ್ಲುಗಳು ಬಿದ್ದಿರಬೇಕೆಂದು ವಿದ್ವಾಂಸರ ಅಂದಾಜು. ಒಳಗಿನ ಕಲ್ಲನ್ನು ಬಹುಮಟ್ಟಿಗೆ ಅಲ್ಲಿಯೇ ಕಡಿದರು. ಹೊರಮೈಗೆ ಬೇಕಾದ ಬಿಳಿಯ ಸುಣ್ಣಗಲ್ಲನ್ನು ನೈಲ್ ನದಿಯ ಆಚೆ ದಡದ ತುರಾದಿಂದಲೂ, ಅರಸನ ಕೋಣೆಯ ಗ್ರಾನೈಟನ್ನು ಸುಮಾರು 800 ಕಿಲೋಮೀಟರು ದೂರದ ಆಸ್ವಾನಿನಿಂದಲೂ ತಂದರು. ಅದು ಕಬ್ಬಿಣದ ಉಳಿಯನ್ನು ಕಾಣದ ಕಾಲ. ತಾಮ್ರದ ಉಳಿ, ಗಟ್ಟಿ ಕಲ್ಲಿನ ಗುಂಡು, ಹಗ್ಗ, ಮರದ ಜಾರುಬಂಡಿ, ದೋಣಿ, ಇವೇ ಅವರ ಸಾಧನಗಳು.

ಇಷ್ಟನ್ನು ಮಾಡಿದವರು ಯಾರು? ಒಂದು ಲಕ್ಷ ಜನರು ಮೂರು ಮೂರು ತಿಂಗಳ ಸರದಿಯಲ್ಲಿ ದುಡಿದರೆಂದು ಗ್ರೀಕ್ ಇತಿಹಾಸಕಾರ ಹೆರೊಡೋಟಸನು ಬರೆದನು. ಚಾವಟಿಯ ಏಟಿನ ಕೆಳಗೆ ನರಳಿದ ಗುಲಾಮರ ಚಿತ್ರವನ್ನು ಮುಂದಿನವರು ಕಲ್ಪಿಸಿಕೊಂಡರು. ಆದರೆ 1990ರ ದಶಕದ ಉತ್ಖನನಗಳು ಬೇರೆಯ ಕಥೆಯನ್ನೇ ಹೇಳಿದವು. ಪಿರಮಿಡ್ಡುಗಳ ದಕ್ಷಿಣಕ್ಕೆ ಕೆಲಸಗಾರರ ಊರು, ರೊಟ್ಟಿ ಬೇಯಿಸುವ ಮನೆಗಳು, ಅವರ ಸಮಾಧಿಗಳು ದೊರೆತವು. ಅಲ್ಲಿಯ ಅಸ್ಥಿಪಂಜರಗಳಲ್ಲಿ ಮುರಿದು ಮತ್ತೆ ಕೂಡಿಕೊಂಡ ಮೂಳೆಗಳಿದ್ದವು. ದುಡಿಮೆ ಕಠೋರವಾಗಿದ್ದುದು ನಿಜ. ಆದರೆ ಗಾಯಗೊಂಡವನಿಗೆ ಆರೈಕೆಯೂ, ಸತ್ತವನಿಗೆ ಅರಸನ ಪಿರಮಿಡ್ಡಿನ ಸಮೀಪದಲ್ಲಿಯೇ ಸಮಾಧಿಯೂ ದೊರೆಯುತ್ತಿದ್ದವು.

2013ರಲ್ಲಿ ಇನ್ನೂ ಬೆರಗಿನ ವಸ್ತುವೊಂದು ಸಿಕ್ಕಿತು. ಕೆಂಪು ಸಮುದ್ರದ ದಡದ ವಾದಿ ಅಲ್-ಜರ್ಫ್ ಎಂಬ ಹಳೆಯ ಬಂದರಿನಲ್ಲಿ ಫ್ರಾನ್ಸಿನ ವಿದ್ವಾಂಸ ಪಿಯೆರ್ ತಾಲೆ ಅವರ ತಂಡಕ್ಕೆ ಪಪೈರಸ್ ಹಾಳೆಗಳು ದೊರೆತವು. ಬರಹವುಳ್ಳ ಪಪೈರಸ್ಸುಗಳಲ್ಲಿ ಇವುಗಳಿಗಿಂತ ಹಳೆಯವು ಇದುವರೆಗೆ ಸಿಕ್ಕಿಲ್ಲ. ಅವುಗಳಲ್ಲಿ ಮೆರೆರ್ ಎಂಬ ಮೇಸ್ತ್ರಿಯ ದಿನಚರಿಯಿದೆ. ಇಂದು ತುರಾದಲ್ಲಿ ಕಲ್ಲು ತುಂಬಿದೆವು, ನಾಳೆ ಗೀಜಾದ ಕಡೆಗೆ ದೋಣಿ ನಡೆಸಿದೆವು ಎಂಬಂಥ ಸರಳ ಲೆಕ್ಕ ಅದು. ಹತ್ತು ದಿನಗಳಲ್ಲಿ ಎರಡು ಮೂರು ಬಾರಿ ಆ ತಂಡವು ಹೋಗಿಬರುತ್ತಿತ್ತು. ಅರಸನ ಸ್ತುತಿ ಬರೆಯಲು ಕುಳಿತವನಲ್ಲ ಮೆರೆರ್. ತನ್ನವರ ದುಡಿಮೆಯನ್ನು ತನ್ನ ನುಡಿಯಲ್ಲಿ ದಿನದಿನವೂ ಬರೆದಿಟ್ಟನು, ಅಷ್ಟೆ. ಖುಫುವಿನ ದೇಹ ಎಲ್ಲಿಯೂ ಸಿಕ್ಕಿಲ್ಲ. ಮೆರೆರನ ಲೆಕ್ಕ ನಮ್ಮ ಕೈ ಸೇರಿದೆ!

ಬಂಧುಗಳೇ, ಈ ಭಾಗ್ಯ ಕನ್ನಡ ನಾಡಿಗೂ ಇದೆ. ಬೇಲೂರಿನಲ್ಲಿ ದಾಸೋಜ, ಸೋಮನಾಥಪುರದಲ್ಲಿ ಮಲ್ಲಿತಮ್ಮ ಮೊದಲಾದ ಶಿಲ್ಪಿಗಳು ತಾವು ಕಡೆದ ಮೂರ್ತಿಗಳ ಪೀಠದಲ್ಲಿ ಹೆಸರು ಕೊರೆದಿಟ್ಟದ್ದರಿಂದಲೇ ನಾವು ಅವರನ್ನು ಬಲ್ಲೆವು. ಗಡಿನಾಡಿನಲ್ಲಿ ಕನ್ನಡವನ್ನು ಉಳಿಸಿಕೊಂಡು ಬಂದವರಲ್ಲಿ ವೇದಿಕೆಯೇರಿದವರು ಕೆಲವರು. ಶಾಲೆಯ ಗೋಡೆಗೆ ಕಲ್ಲು ಹೊತ್ತವರು, ಮನೆಮನೆಗೆ ಹೋಗಿ ಮಕ್ಕಳನ್ನು ಕರೆತಂದವರು ಅನೇಕರು. ಅವರ ಹೆಸರುಗಳನ್ನು ಬಲ್ಲ ಹಿರಿಯರು ನಮ್ಮ ನಡುವೆ ಇರುವಾಗಲೇ ಕೇಳಿ ಬರೆದಿಡೋಣ. ಅದನ್ನು ಕನ್ನಡದಲ್ಲಿಯೇ ಬರೆಯೋಣ. ಓದಬಲ್ಲ ಮಕ್ಕಳನ್ನೂ ಬೆಳೆಸೋಣ.