ಹಾಡಿನ ಹಾಳೆ ಕಣ್ಣಿಗೆ ಕಾಣಲಿ
(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಸಭೆ ಶುರುವಾಗುವುದೇ ಹಾಡಿನಿಂದ. ಪ್ರಾರ್ಥನಾ ಗೀತೆ ಹಾಡದೆ ನಾವು ಉಳಿತಾಯದ ಪುಸ್ತಕ ತೆರೆಯುವುದಿಲ್ಲ. ಅದಕ್ಕೇ ಇವತ್ತು ಹಾಡಿನ ಹಾಳೆಯ ಬಗ್ಗೆ ಮಾತಾಡೋಣ ಅಂತ ಬಂದಿದ್ದೇವೆ. ಇದೂ ಒಂದು ವಿಷಯವಾ ಸಿಸ್ಟರ್ ಅಂತ ನಗಬೇಡಿ.

ನಮ್ಮ ಒಂದು ಸಂಘದಲ್ಲಿ ಚೆನ್ನಾಗಿ ಹಾಡುವ ಅಕ್ಕ ಒಬ್ಬರಿದ್ದಾರೆ. ವಾರ್ಷಿಕೋತ್ಸವಕ್ಕೂ ಚರ್ಚಿನ ಹಬ್ಬಕ್ಕೂ ಅವರದೇ ಮುಂದಾಳತ್ವ. ಒಂದು ಸಲ ಅಭ್ಯಾಸಕ್ಕೆ ಬರುವುದನ್ನೇ ನಿಲ್ಲಿಸಿಬಿಟ್ಟರು. ಕೇಳಿದರೆ "ಗಂಟಲು ಹೋಯ್ತು ಸಿಸ್ಟರ್" ಅಂದರು. ಮನೆಗೆ ಹೋಗಿ ಕೂತು ಮಾತಾಡಿದಾಗ ಗೊತ್ತಾಯ್ತು, ಗಂಟಲು ಚೆನ್ನಾಗೇ ಇದೆ, ಹಾಳೆಯ ಅಕ್ಷರ ಕಾಣುತ್ತಿಲ್ಲ. ಚಿಕ್ಕ ಹುಡುಗಿಯರ ಮುಂದೆ ಹೇಳಿಕೊಳ್ಳಲು ನಾಚಿಕೆ. ಅಷ್ಟು ದಿನ ನಾವು ಇದನ್ನು ಗಮನಿಸಲೇ ಇಲ್ಲ. ತಪ್ಪು ನಮ್ಮದೇ.

ನಲವತ್ತು ದಾಟಿದ ಮೇಲೆ ಕಣ್ಣಿನೊಳಗಿನ ಮಸೂರ ಗಡುಸಾಗುತ್ತಾ ಬರುತ್ತದೆ. ಹತ್ತಿರದ ಅಕ್ಷರ ಮಸುಕಾಗುತ್ತದೆ. ಇದು ಎಲ್ಲರಿಗೂ ಬರುವಂಥದ್ದು. ಸೂಜಿಗೆ ದಾರ ಪೋಣಿಸಲು ಮಗಳನ್ನು ಕರೆಯುತ್ತೀರಲ್ಲ, ಅದೇ ಇದು. ಇದರಲ್ಲಿ ನಾಚಿಕೆ ಏನಿದೆ?

ನಾವು ಮೊದಲು ಮಾಡಿದ್ದು ಸುಲಭದ ಕೆಲಸ. ಎ4 ಹಾಳೆಯನ್ನು ಎ3ಗೆ ದೊಡ್ಡದು ಮಾಡಿ ಜೆರಾಕ್ಸ್ ತೆಗೆಸಿದೆವು. ಅದು ಶೇಕಡಾ 141ರಷ್ಟು ಆಗುತ್ತದೆ. 12ರ ಅಕ್ಷರ 17 ಆಯಿತು. ಆದರೆ ಹಳೆಯ ಪ್ರತಿಯ ಮೇಲೆ ಪ್ರತಿ ತೆಗೆದಿದ್ದರಿಂದ ಸ್ವರದ ಮೇಲೆ, ಕೆಳಗೆ ಇರುವ ಚುಕ್ಕೆಗಳು ಅಳಿಸಿಹೋದವು. ಮೇಲಿನ ಚುಕ್ಕೆ ತಾರ ಸ್ಥಾಯಿಗೆ, ಕೆಳಗಿನದು ಮಂದ್ರಕ್ಕೆ ಅಲ್ವಾ? ಚುಕ್ಕೆ ಇಲ್ಲದೆ ಅರ್ಧ ಜನ ಮೇಲಿನ 'ಸ', ಅರ್ಧ ಜನ ಕೆಳಗಿನ 'ಸ' ಹಾಡಿದರು! ಎಲ್ಲರೂ ನಕ್ಕೆವು. ಆಮೇಲೆ ಕಂಪ್ಯೂಟರಿನಲ್ಲಿ ಹೊಸದಾಗಿ ಟೈಪ್ ಮಾಡಿದೆವು. ಆಗ ಕಲಿತದ್ದು ಇಷ್ಟು:

1. ಅಕ್ಷರದ ಅಳತೆ 18ಕ್ಕಿಂತ ಕಡಿಮೆ ಬೇಡ. ಕನ್ನಡದ ಒತ್ತಕ್ಷರ ಸಣ್ಣದಾದ್ದರಿಂದ ನಾವು 20 ಇಡುತ್ತೇವೆ.
2. ಸಾಲುಗಳ ನಡುವೆ ಒಂದೂವರೆ ಪಟ್ಟು ಜಾಗ ಬಿಡಿ. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ, ಕೆಳಗಿನ ಸ್ವರದ ಚುಕ್ಕೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ.
3. ಅಕ್ಷರ ದೊಡ್ಡದು ಮಾಡಿದಾಗ ಸಾಲು ಎಲ್ಲೆಲ್ಲೋ ಮುರಿಯುತ್ತದೆ, ಸ್ವರ ಒಂದು ಕಡೆ, ಸಾಹಿತ್ಯ ಒಂದು ಕಡೆ ಆಗುತ್ತದೆ. ತಾಳದ ಆವರ್ತ ಮುಗಿದ ಕಡೆ ನಾವೇ ಸಾಲು ಮುರಿಯಬೇಕು.
4. ಚುಕ್ಕೆ, ಅಲ್ಪವಿರಾಮಗಳನ್ನು ಕೊನೆಗೆ ಕಪ್ಪು ಪೆನ್ನಿನಿಂದ ದಪ್ಪ ಮಾಡಿ. ಎಲ್ಲ ಅಕ್ಷರವನ್ನೂ ದಪ್ಪ ಮಾಡಬೇಡಿ, ಒಳಗಿನ ಬಿಳಿ ಜಾಗ ಮುಚ್ಚಿಹೋಗುತ್ತದೆ.
5. ಹೊಳೆಯುವ ಕಾಗದ ಬೇಡ, ದೀಪದ ಬೆಳಕು ಕಣ್ಣಿಗೆ ಹೊಡೆಯುತ್ತದೆ. ಚರಣದ ನಡುವೆ ಪುಟ ತಿರುಗಿಸುವಂತೆ ಇರಬಾರದು.

ಇನ್ನೊಂದು ಮಾತು. ದೊಡ್ಡ ಅಕ್ಷರ ಕಣ್ಣಿನ ಔಷಧಿಯಲ್ಲ. ಪೊರೆ ಬಂದಿದೆಯಾ, ಸಕ್ಕರೆ ಕಾಯಿಲೆ ಕಣ್ಣಿಗೆ ತಗುಲಿದೆಯಾ ಅಂತ ತಪ್ಪದೆ ಪರೀಕ್ಷೆ ಮಾಡಿಸಿ. ಕನ್ನಡಕ ಕೊಳ್ಳುವಾಗ, ಹಾಡುವಾಗ ಹಾಳೆ ಎಷ್ಟು ದೂರ ಹಿಡಿಯುತ್ತೀರಿ ಅಂತ ಕೈ ಚಾಚಿ ತೋರಿಸಿ. ಪುಸ್ತಕ ಓದುವ ಕನ್ನಡಕಕ್ಕೆ ಅಷ್ಟು ದೂರದ ಅಕ್ಷರ ಸ್ಪಷ್ಟ ಕಾಣದೇ ಇರಬಹುದು.

ಆ ಅಕ್ಕ ಈಗ ಮತ್ತೆ ಹಾಡುತ್ತಿದ್ದಾರೆ. ಆದರೆ ಹೊಸ ಹಾಳೆ ಕೈಗೆ ಕೊಟ್ಟ ದಿನ ಅವರು ಹೇಳಿದ ಮಾತು ನಮ್ಮ ನಿದ್ದೆ ಕೆಡಿಸಿತು. "ಸಿಸ್ಟರ್, ಸಾಲದ ಪತ್ರಾನೂ ನಾನು ಓದಿರಲಿಲ್ಲ. ತೋರಿಸಿದ ಕಡೆ ರುಜು ಹಾಕ್ತಿದ್ದೆ." ಹಾಡಿನಲ್ಲಿ ಚುಕ್ಕೆ ತಪ್ಪಿದರೆ ನಗಬಹುದು. ಬಡ್ಡಿಯಲ್ಲಿ ಚುಕ್ಕೆ ತಪ್ಪಿದರೆ ಮನೆ ಅಳುತ್ತದೆ.

ಆದ್ದರಿಂದ ಮುಂದಿನ ಸಭೆಯಲ್ಲಿ ಒಂದು ಕೆಲಸ ಮಾಡಿ. ಹಾಡಿನ ಹಾಳೆಯನ್ನು ಎಲ್ಲರ ಕೈಗೂ ಕೊಟ್ಟು, ಕಾಣುತ್ತದಾ ಅಂತ ಒಬ್ಬೊಬ್ಬರನ್ನೇ ಮೆಲ್ಲಗೆ ಕೇಳಿ. ಕಾಣದವರಿಗೆ ಹಾಳೆ ದೊಡ್ಡದಾಗಲಿ, ಸಂಘದ ಲೆಕ್ಕದ ಪಟ್ಟಿಯೂ ದೊಡ್ಡ ಅಕ್ಷರದಲ್ಲಿ ಗೋಡೆಗೆ ಬರಲಿ. "ನನಗೆ ಕಾಣ್ತಿಲ್ಲ, ಓದಿ ಹೇಳಿ" ಅನ್ನುವುದು ನಮ್ಮ ಹಕ್ಕು.

ದೇವರು ನಿಮ್ಮ ಕಣ್ಣಿಗೆ ಬೆಳಕನ್ನೂ ಕಂಠಕ್ಕೆ ಹಾಡನ್ನೂ ಕೊಡಲಿ.